ನೋವಿನ ಮಾತು ಎತ್ತಬಾರದ ಮನೆ

ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಬೇರೆ ಊರುಗಳಲ್ಲಿ ಎಳನೀರು ಒಯ್ಯುತ್ತಾರಂತೆ. ಕಿಬ್ಬನಹಳ್ಳಿ ಸುತ್ತಮುತ್ತ ತೋಟವಿರುವ ಮನೆಗೆ ಎಳನೀರು ತಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅದಕ್ಕೇ ಎಲ್ಲರೂ ಬ್ರೆಡ್ ತರುತ್ತಾರೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಹಾಸಿಗೆ ಹಿಡಿದಾಗ ನಮ್ಮ ಮನೆಗೆ ಬಂದ ಬ್ರೆಡ್ಡಿನಲ್ಲಿ ಒಂದು ಬೇಕರಿಯನ್ನೇ ಇಡಬಹುದಿತ್ತು. ತಿಂದು ತಿಂದು ನಮಗೆ ಸಾಕಾಗಿ ಹಸುವಿಗೆ ಹಾಕತೊಡಗಿದೆವು. ಅದು ಎಷ್ಟು ಒಗ್ಗಿಹೋಯಿತೆಂದರೆ, ಗೇಟಿನ ಬಳಿ ಪ್ಲಾಸ್ಟಿಕ್ ಕವರಿನ ಸದ್ದಾದರೆ ಸಾಕು, ಕೊಟ್ಟಿಗೆಯಿಂದಲೇ ಕೂಗುತ್ತಿತ್ತು.

ಈಗ ನಾನು ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ಮೈ ಈಗಲೂ ಕೆಲವು ದಿನ ನೋಯುತ್ತದೆ, ಆದರೆ ಅದನ್ನು ನೋಡಲು ಯಾರೂ ಬರುವುದಿಲ್ಲ. ಬ್ರೆಡ್ ಬರುವುದು ನಿಂತ ಮೇಲೆ ನಮ್ಮ ಮನೆಗೆ ನೆಮ್ಮದಿ ಬಂತು, ಹಸುವೊಂದನ್ನು ಬಿಟ್ಟು.

ಒಂಬತ್ತನೇ ಕ್ಲಾಸಿನ ಆ ವರ್ಷ ಮಳೆಗಾಲದಲ್ಲಿ ಊರಿಗೆಲ್ಲ ಕೀಲು ಹಿಡಿಯುವ ಜ್ವರ ಬಂದಿತ್ತು. ಅಪ್ಪ ಮಲಗಿದರು, ಅಮ್ಮ ಮಲಗಿದಳು, ಅಜ್ಜಿ ಜ್ವರವನ್ನೇ ಬೈಯುತ್ತ ಓಡಾಡಿಕೊಂಡಿದ್ದಳು. ಊರಿನ ಅರ್ಧ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಒಂದಷ್ಟು ದಿನಕ್ಕೆ ಎಲ್ಲರಿಗೂ ವಾಸಿಯಾಯಿತು. ನನಗೂ ಜ್ವರ ಬಿಟ್ಟಿತು, ನೋವು ಬಿಡಲಿಲ್ಲ. ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಕತ್ತು. ಬೆಂಚಿನ ಮೇಲೆ ಒಂದು ಪೀರಿಯಡ್ ಕೂತರೆ ಬೆನ್ನಿಗೆ ಯಾರೋ ಕಾದ ಕಬ್ಬಿಣ ಇಟ್ಟ ಹಾಗಾಗುತ್ತಿತ್ತು. ರಕ್ತ ಪರೀಕ್ಷೆ ಮಾಡಿದರು, ಎಕ್ಸ್-ರೇ ತೆಗೆದರು, ಸ್ಕ್ಯಾನ್ ಮಾಡಿದರು. ಎಲ್ಲವೂ ನಾರ್ಮಲ್. ಆ ನಾರ್ಮಲ್ ಎನ್ನುವ ಪದದ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ಬೈಗುಳದ ಮೇಲೂ ಬಂದಿಲ್ಲ.

ನೋವಿನ ಜೊತೆಗೆ ಇನ್ನೊಂದೂ ಶುರುವಾಗಿತ್ತು, ಅದಕ್ಕೆ ಏನು ಹೆಸರಿಡಬೇಕೆಂದು ಆಗ ನನಗೆ ಗೊತ್ತಿರಲಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಇಷ್ಟದ ಚಿತ್ರಾನ್ನ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಭಾನುವಾರ ಸಂಜೆಯಾದರೆ ನಾಳೆ ಶಾಲೆ ಎಂದು ಗಡಿಯಾರವನ್ನೇ ನೋಡುತ್ತ ಕೂರುತ್ತಿದ್ದೆ. ಎಂಟನೇ ಕ್ಲಾಸಿಗೆ ನನ್ನನ್ನು ಊರಿನ ಶಾಲೆಯಿಂದ ಬಿಡಿಸಿ ತಿಪಟೂರಿನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರು. ಅಲ್ಲಿ ನನಗೆ ಬಾಯಿ ಬಿಡಲು ಭಯ, ಬಿಡದಿದ್ದರೆ ಬೈಗುಳದ ಭಯ. ಭಯ ಮೊದಲು ಬಂತೋ ನೋವು ಮೊದಲು ಬಂತೋ ಇವತ್ತಿಗೂ ಹೇಳಲಾರೆ. ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

ಒಂದು ದಿನ ತರಗತಿಯಲ್ಲಿ ಬೆನ್ನು ತಡೆಯದೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದೆ. ನಮ್ಮ ಕ್ಲಾಸ್ ಮೇಡಂ ಎಬ್ಬಿಸಿ ನಿಲ್ಲಿಸಿ, ರಿಪೋರ್ಟ್ ಎಲ್ಲಾ ನಾರ್ಮಲ್ ಅಂತೆ, ಮತ್ತೆ ಯಾಕಮ್ಮ ಈ ನಾಟಕ ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಅಳು ಬರಬಾರದೆಂದು. ನಕ್ಕಿದ್ದರಿಂದ ಅವರಿಗೆ ಅದು ನಾಟಕವೇ ಎಂದು ಖಾತ್ರಿಯಾಯಿತು. ಈ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. ಮಾರನೆಯ ದಿನದಿಂದ ಶಾಲೆಗೆ ಹೋಗುವುದು ಒಂದು ದಿನ ಇದ್ದರೆ ಒಂದು ದಿನ ಇಲ್ಲ ಎನ್ನುವ ಹಾಗಾಗಿ, ವರ್ಷದ ಕೊನೆಗೆ ಪೂರ್ತಿ ನಿಂತುಹೋಯಿತು. ಹೇಗೋ ಹತ್ತನೇ ಕ್ಲಾಸಿಗೆ ದೂಡಿದರು.

ಶಾಲೆಯಲ್ಲಿ ನನ್ನ ನೋವನ್ನು ಯಾರೂ ನಂಬುತ್ತಿರಲಿಲ್ಲ. ಮನೆಯಲ್ಲಿ ಅದಕ್ಕೆ ತದ್ವಿರುದ್ಧ, ದೇವರನ್ನು ನಂಬುವ ಹಾಗೆ ನಂಬುತ್ತಿದ್ದರು. ಇದರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಕೇಳಿದರೆ ಹೇಳುವುದು ಕಷ್ಟ.

ನಮ್ಮಪ್ಪ ಕೊಬ್ಬರಿಯ ಮನುಷ್ಯ. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವವರೆಗೆ ಕಾಯಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಆತುರಪಟ್ಟು ಒಡೆದರೆ ಕೆಟ್ಟುಹೋಗುತ್ತದೆ. ಅಪ್ಪ ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿದ್ದು ಇದನ್ನೇ, ಹಾಗಾಗಿ ಮಗಳ ವಿಷಯದಲ್ಲೂ ಇದೇ ತೀರ್ಮಾನ ಕೊಟ್ಟರು. ಅವಳನ್ನ ಅಲ್ಲಾಡಿಸಬೇಡಿ, ಹಂಗೇ ಬುಡಿ, ತಾನೇ ಸರಿಹೋಗ್ತಳೆ ಎಂದರು. ಅಟ್ಟದ ಕೆಳಗಿನ ಕೋಣೆಯಲ್ಲಿ ನನಗೆ ಹಾಸಿಗೆ ಹಾಕಿದರು. ಮೇಲೆ ಕಾಯಿ, ಕೆಳಗೆ ನಾನು. ಕಾಯಿ ಒಣಗಿ ಸಂತೆಗೆ ಹೋಯಿತು, ಹೊಸ ಕಾಯಿ ಬಂತು, ನಾನು ಮಾತ್ರ ಅಲ್ಲೇ ಇದ್ದೆ.

ಅಮ್ಮ ನನಗೆ ಜಡೆ ಹಾಕುತ್ತಿದ್ದಳು, ಸ್ನಾನಕ್ಕೆ ನೀರು ತೋಡುತ್ತಿದ್ದಳು, ಊಟ ಹಾಸಿಗೆಗೇ ತರುತ್ತಿದ್ದಳು. ಬೆಳಗ್ಗೆ ನಾನು ಕಣ್ಣು ಬಿಡುವ ಮೊದಲೇ ಹೆಂಗೈತೆ ಎಂದು ಕೇಳುತ್ತಿದ್ದಳು. ಅದನ್ನು ಕೇಳಿದ ಕೂಡಲೇ ನಾನು ಮೈಯನ್ನೆಲ್ಲ ಒಂದು ಸಾರಿ ಹುಡುಕಿ ನೋಡುತ್ತಿದ್ದೆ. ಹುಡುಕಿದರೆ ಸಿಗದೆ ಇರುತ್ತದೆಯೇ? ಸಿಗುತ್ತಿತ್ತು. ಅಜ್ಜಿ ಒಣಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ. ನಮ್ಮ ಮನೆಯ ಮೆಣಸಿನಕಾಯಿ ಒಂದು ದಿನ ಹಾಗೆ, ಒಂದು ದಿನ ಹೀಗೆ. ಅದಕ್ಕೂ ರೋಗ ಪತ್ತೆಯಾಗಲಿಲ್ಲ.

ಇನ್ನು ನೋಡಲು ಬರುವವರು. ಕಾಯಿಲೆಯವರನ್ನು ನೋಡಿಕೊಂಡು ಬರುವುದಕ್ಕೆ ನಮ್ಮಲ್ಲಿ ಒಂದು ಲೆಕ್ಕವಿದೆ. ಬಿದ್ದಾಗ ಒಂದು ಸಾರಿ, ಎದ್ದಾಗ ಒಂದು ಸಾರಿ. ನಾನು ಏಳಲೇ ಇಲ್ಲವಾದ್ದರಿಂದ ಅವರಿಗೆ ನಿಲ್ಲಿಸುವುದು ಯಾವಾಗ ಎಂದು ತಿಳಿಯಲಿಲ್ಲ. ಬರುತ್ತಲೇ ಇದ್ದರು. ಬಂದವರು ಮಂಚದ ತುದಿಗೆ ಕೂತು, ಅಯ್ಯೋ ಹೆಣ್ಣುಮಗು, ಮುಂದೆ ಹೆಂಗೆ ಎಂದು ಅಮ್ಮನನ್ನು ಕೇಳುತ್ತಿದ್ದರು. ನಾನು ಅಲ್ಲೇ ಮಲಗಿರುತ್ತಿದ್ದೆ, ನನಗೆ ಕಿವಿಯೂ ಹೋಗಿದೆ ಎಂದುಕೊಂಡವರ ಹಾಗೆ ಮಾತಾಡುತ್ತಿದ್ದರು. ಮಾಯಸಂದ್ರದ ಕಡೆಯಿಂದ ಬಂದ ಒಬ್ಬರು, ನಮ್ಮ ನೆಂಟರಲ್ಲೂ ಒಬ್ಬಳಿಗೆ ಹಿಂಗೇ ಆಗಿತ್ತು ಎಂದು ಶುರುಮಾಡಿ, ಅಮ್ಮನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು. ಆ ಉಳಿದರ್ಧ ಏನು ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ.

ಹತ್ತನೇ ಕ್ಲಾಸು ಶುರುವಾಗಿ ಕೆಲವು ವಾರವಾದರೂ ನಾನು ಶಾಲೆಯ ಮುಖ ನೋಡಿರಲಿಲ್ಲ. ಆಗ ಅಪ್ಪ, ಇವಳು ಇಸ್ಕೂಲಿಗೆ ಹೋಗೋದು ಬೇಡ, ಮನೇಲೇ ಓದ್ಕೊಂಡು ಪರೀಕ್ಷೆ ಕಟ್ಟಲಿ, ಆದಾಗ ಆಗ್ಲಿ ಎಂದು ಅಮ್ಮನಿಗೆ ಹೇಳುವುದು ಕೇಳಿಸಿತು. ಅಮ್ಮ ಹೂಂ ಎಂದಳು. ಶಾಲೆ ಎಂದರೆ ಹೆದರುತ್ತಿದ್ದವಳು ನಾನೇ. ಆದರೆ ಈಗ ಬಿಟ್ಟರೆ ಆ ಕೋಣೆಯಿಂದ ನಾನು ಇನ್ನೆಂದೂ ಹೊರಗೆ ಬರುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿರುತ್ತದೆ, ನನ್ನದು ನೋವಿನ ಹುಡುಗಿ ಎಂದಾಗಿಬಿಡುತ್ತದೆ. ಹೋಗುತ್ತೇನೆ ಎನ್ನಲು ಧೈರ್ಯವಿಲ್ಲ, ಹೋಗುವುದಿಲ್ಲ ಎನ್ನಲು ಮನಸ್ಸಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಅದೇ ತಿಂಗಳು ಯಾರೋ ಹೇಳಿದರೆಂದು ಅಪ್ಪ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದರು. ಅಮ್ಮನೂ ಬಂದಳು. ಅಲ್ಲಿನ ಡಾಕ್ಟರಮ್ಮ ನಾವು ಒಯ್ದಿದ್ದ ರಿಪೋರ್ಟುಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟು ನನ್ನನ್ನು ಮಾತಾಡಿಸಿದರು. ನಿದ್ದೆ ಹೇಗೆ, ಗೆಳತಿಯರು ಯಾರು, ಶಾಲೆಯಲ್ಲಿ ಯಾವ ಪೀರಿಯಡ್ ಇಷ್ಟ ಎಂದೆಲ್ಲ ಕೇಳಿದರು. ಕೊನೆಗೆ ಅಪ್ಪನ ಕಡೆ ತಿರುಗಿ ಹೇಳಿದ್ದು ನನಗೆ ಇನ್ನೂ ಹಾಗೇ ನೆನಪಿದೆ.

"ಮನೆಗೆ ಒಂದು ಸಾರಿ ಕಳ್ಳ ಬಂದುಹೋದ ಮೇಲೆ ನಾಯಿ ತೆಂಗಿನ ಸೋಗೆ ಬಿದ್ದರೂ ಬೊಗಳುತ್ತಲ್ವಾ? ಇವಳ ನರಗಳು ಹಾಗಾಗಿವೆ. ಜ್ವರ ಹೋಯ್ತು, ಬೊಗಳೋದು ನಿಂತಿಲ್ಲ. ನೋವು ನಿಜ. ಒಳಗೆ ಏನೂ ಕೆಟ್ಟಿಲ್ಲ ಅನ್ನೋದೂ ನಿಜ."

ಎರಡನ್ನೂ ಒಟ್ಟಿಗೆ ಹೇಳಿದವರು ಅವರೇ ಮೊದಲು. ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ. ಅವರು ಗಾಬರಿಯಾಗಲಿಲ್ಲ, ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿ ಮಾತು ಮುಂದುವರಿಸಿದರು. ಭಯಕ್ಕೂ ನೋವಿಗೂ ನಂಟಿದೆ, ಒಂದು ಏರಿದರೆ ಇನ್ನೊಂದೂ ಏರುತ್ತದೆ, ಹಾಗೆಂದು ನೋವು ಸುಳ್ಳಾಗುವುದಿಲ್ಲ ಎಂದರು. ಮಲಗಿದ್ದರೆ ವಾಸಿಯಾಗುವ ನೋವಲ್ಲ ಇದು, ದಿನಾ ಸ್ವಲ್ಪ ನಡೆಯಬೇಕು, ಮನೆಯ ಒಂದು ಕೆಲಸ ಇವಳದೇ ಆಗಿರಬೇಕು, ಚೆನ್ನಾಗಿದ್ದ ದಿನ ಹೆಚ್ಚು ಮಾಡಬಾರದು, ನೋವಿದ್ದ ದಿನ ಬಿಡಬಾರದು. ಶಾಲೆಗೆ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಪಕ್ಕದ ಕೋಣೆಯಲ್ಲಿ ಮನಸ್ಸಿನ ಮಾತು ಕೇಳುವವರು ಒಬ್ಬರಿದ್ದರು, ಅವರ ಹತ್ತಿರ ಆಗಾಗ ಬರಬೇಕು. ಕೊನೆಯದಾಗಿ, ಮನೆಯಲ್ಲಿ ನೋವು ಹೇಗಿದೆ ಹೇಗಿದೆ ಎಂದು ಪದೇ ಪದೇ ಕೇಳಬೇಡಿ ಎಂದರು.

ಬಸ್ಸಿನಲ್ಲಿ ವಾಪಸು ಬಂದೆವು. ಗುಬ್ಬಿ ದಾಟಿದ ಮೇಲೆ ಅಮ್ಮ, ನೋವಿರೋ ಮಗೂನ ಕೆಲಸಕ್ಕೆ ಹಚ್ಚಿ ಅಂತಾಳಲ್ಲ, ಅವಳಿಗೆ ಮಕ್ಕಳಿಲ್ವೇನೋ ಎಂದು ಗೊಣಗಿದಳು. ಅಪ್ಪ ಕಿಟಕಿಯಲ್ಲಿ ತೆಂಗಿನ ಮರ ನೋಡುತ್ತಿದ್ದರು. ನರ ಬೊಗಳೋದು ಅಂತ ನಾನೂ ಎಲ್ಲೂ ಕೇಳಿರಲಿಲ್ಲ ಎಂದರು. ಆದರೂ ಅಪ್ಪ ಒಂದು ಸಾರಿ ಒಪ್ಪಿಕೊಂಡರೆ ಒಪ್ಪಿಕೊಂಡರು. ಎಷ್ಟು ಒಪ್ಪಿಕೊಂಡರೆಂದರೆ ಅದೇ ಒಂದು ಅವಾಂತರವಾಯಿತು.

ಪದೇ ಪದೇ ಕೇಳಬೇಡಿ ಎಂದಿದ್ದನ್ನು ಅಪ್ಪ ನೋವು ಎನ್ನುವ ಪದವೇ ಮನೆಯಲ್ಲಿ ಬರಕೂಡದು ಎಂದು ಅರ್ಥ ಮಾಡಿಕೊಂಡರು. ವ್ರತ ಹಿಡಿದ ಹಾಗೆ ಹಿಡಿದರು. ಅಜ್ಜಿಗೆ ಹಲ್ಲುನೋವು ಬಂದಾಗ ಅಜ್ಜಿ ಕೆನ್ನೆ ತೋರಿಸಿ ಸನ್ನೆ ಮಾಡಬೇಕಾಯಿತು. ನೋಡಲು ಬಂದವರನ್ನು ಅಪ್ಪ ಗೇಟಿನಲ್ಲೇ ತಡೆದು, ಬನ್ನಿ, ಕಾಫಿ ಕುಡೀರಿ, ಅದೊಂದು ಮಾತ್ರ ಕೇಳಬೇಡಿ ಎನ್ನುತ್ತಿದ್ದರು. ಬಂದವರಿಗೆ ಬೇರೆ ಮಾತೇ ಇರಲಿಲ್ಲ. ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮಂಡಿಗಳನ್ನೇ ನೋಡುತ್ತ ಕೂತು, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಅಮ್ಮ ಬಾಯಿ ಕಟ್ಟಿಕೊಂಡಳು, ಕಣ್ಣು ಕಟ್ಟಿಕೊಳ್ಳಲಿಲ್ಲ. ನಾನು ಎದ್ದರೆ ಕೂತರೆ ಅವಳ ಕಣ್ಣು ಹೆಂಗೈತೆ ಹೆಂಗೈತೆ ಎನ್ನುತ್ತಿತ್ತು. ಮೊದಲ ಎರಡು ದಿನ ನನಗೆ ಹಾಯೆನಿಸಿತು. ಮೂರನೆಯ ದಿನಕ್ಕೆ, ನಾನು ಸತ್ತರೂ ಇವರು ಕೇಳುವುದಿಲ್ಲವೇನೋ ಎಂದು ಸಿಟ್ಟು ಬಂತು. ಮನುಷ್ಯರಿಗೆ ಯಾವುದೂ ಸರಿಹೋಗುವುದಿಲ್ಲ, ನನಗಂತೂ ಮೊದಲೇ ಇಲ್ಲ.

ನನ್ನ ಪಾಲಿಗೆ ಬಂದ ಕೆಲಸ ಸಂಜೆ ಹಸುವಿಗೆ ಕಲಗಚ್ಚು ಕೊಡುವುದು. ಅಕ್ಕಿ ತೊಳೆದ ನೀರು, ಮಿಕ್ಕ ಸಾರು, ತರಕಾರಿ ಸಿಪ್ಪೆ ಎಲ್ಲ ಸೇರಿದ ಬಕೆಟ್ಟನ್ನು ಅಡುಗೆಮನೆಯಿಂದ ಕೊಟ್ಟಿಗೆಗೆ ಒಯ್ಯಬೇಕು. ಮೊದಲು ಕಾಲು ಬಕೆಟ್. ಅಷ್ಟಕ್ಕೇ ಸೊಂಟ ಕಿರುಚುತ್ತಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಕಚ್ಚಿಕೊಂಡು ನೋಡುತ್ತಿದ್ದಳು. ಕೊಟ್ಟಿಗೆಯಲ್ಲಿ ಅಜ್ಜಿ ಇರುತ್ತಿದ್ದಳು. ನಮ್ಮ ಹಸುವಿಗೂ ವಯಸ್ಸಾಗಿತ್ತು, ಮಲಗಿದರೆ ಏಳಲು ಒದ್ದಾಡುತ್ತಿತ್ತು. ಅಜ್ಜಿ ಅದರ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು.

ಅಪ್ಪನ ವ್ರತದಿಂದ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಬಿದ್ದವಳು ಅಜ್ಜಿ. ಅವಳು ಹುಟ್ಟಿದ ಮೇಲೆ ಯಾರನ್ನೂ ಯೋಗಕ್ಷೇಮ ಕೇಳದೆ ಬಿಟ್ಟವಳಲ್ಲ. ಬಸ್ಸಿನ ಕಂಡಕ್ಟರನ್ನೂ ಕೇಳುವವಳು. ಒಂದು ಸಂಜೆ ನಾನು ಬಕೆಟ್ ಇಟ್ಟು ನಿಂತಿದ್ದೆ. ಅಜ್ಜಿ ನನ್ನ ಕಡೆ ತಿರುಗದೆ ಹಸುವಿನ ಮಂಡಿ ನೀವುತ್ತ ಕೇಳಿದಳು.

"ಏನವ್ವ, ಇವತ್ತು ಮಂಡಿ ಹೆಂಗೈತೆ ನಿಂಗೆ? ರಾತ್ರಿ ನಿದ್ದೆ ಬಂತಾ?"

ಹಸು ಕಲಗಚ್ಚಿನಲ್ಲಿ ಮೂತಿ ಅದ್ದಿತ್ತು. ಅಜ್ಜಿ ಎಣ್ಣೆ ತಿಕ್ಕುತ್ತಲೇ ಇದ್ದಳು, ಉತ್ತರಕ್ಕೆ ಕಾಯುತ್ತಲೂ ಇದ್ದಳು. ಅಪ್ಪನ ಮಾತನ್ನು ಮೀರಿಲ್ಲ, ಕೇಳದೆಯೂ ಬಿಟ್ಟಿಲ್ಲ. ನಾನು ನಗು ತಡೆದುಕೊಂಡು, ಎಡಗಾಲು ಪರವಾಗಿಲ್ವಂತೆ, ಬಲಗಾಲು ಹಿಡ್ಕೊಂಡೈತಂತೆ, ನಿದ್ದೆ ಮಾತ್ರ ಬೆಳಗಿನ ಜಾವಕ್ಕೆ ಬಂತಂತೆ ಎಂದೆ. ಅಜ್ಜಿ, ಪಾಪ, ವಯಸ್ಸಾಯ್ತಲ್ಲ ಎಂದಳು. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ಅದು ರೂಢಿಯಾಯಿತು. ದಿನಕ್ಕೊಂದೇ ಸಾರಿ, ಕಲಗಚ್ಚಿನ ಹೊತ್ತಿಗೆ. ಅಜ್ಜಿ ಹಸುವನ್ನು ಕೇಳುವುದು, ನಾನು ಹಸುವಿನ ಪರವಾಗಿ ಹೇಳುವುದು. ಹೇಳಿ ಮುಗಿಸಿದರೆ ಆ ದಿನಕ್ಕೆ ಆಯಿತು, ಇನ್ನು ಉಳಿದ ಹೊತ್ತೆಲ್ಲ ನನ್ನದು. ಮುಂದಿನ ಸಾರಿ ತುಮಕೂರಿನಲ್ಲಿ ಇದನ್ನು ಹೇಳಿದಾಗ ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಡೀಲಿ, ಹಸೂನ ನಿಲ್ಲಿಸಬೇಡಿ ಎಂದರು.

ಹಸುವಿನ ಹೆಸರಿನಲ್ಲಿ ಹೇಳುವುದು ಸುಲಭ. ನನಗೆ ಅಳು ಬರುತ್ತದೆ ಎಂದು ಹೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ಇದಕ್ಕೆ ಸುಮ್ಮಸುಮ್ಮನೆ ಅಳು ಬರುತ್ತಂತೆ ಎಂದು ಹೇಳಬಹುದಿತ್ತು. ಶಾಲೆಗೆ ಅರ್ಧ ದಿನ ಹೋಗಬೇಕಾದ ದಿನ ಹತ್ತಿರ ಬಂದಾಗ ಅಜ್ಜಿ ಹಸುವಿನ ಕತ್ತು ತುರಿಸುತ್ತ, ಯಾಕವ್ವ, ಇಸ್ಕೂಲು ಅಂದ್ರೆ ಇಷ್ಟ ಇಲ್ವಾ ಎಂದು ಕೇಳಿದಳು.

"ಇಷ್ಟ ಐತಂತೆ. ಭಯಾನೂ ಐತಂತೆ."

"ಯಾತರ ಭಯ?"

"ಎಲ್ಲರ ಮುಂದೆ ಎಬ್ಬಿಸಿ ನಿಲ್ಸಿ, ನಾಟಕ ಆಡ್ತೀಯಾ ಅಂದ್ರಂತೆ. ಕ್ಲಾಸೆಲ್ಲ ನಕ್ತಂತೆ. ಇದೂ ನಕ್ತಂತೆ."

ಅಷ್ಟು ಹೇಳುವಷ್ಟರಲ್ಲಿ ಹಸುವೂ ಇಲ್ಲ, ಅಂತೆಯೂ ಇಲ್ಲ, ನಾನೇ ಕೊಟ್ಟಿಗೆಯ ಕಂಬ ಹಿಡಿದು ಬಿಕ್ಕುತ್ತಿದ್ದೆ. ಅಜ್ಜಿ ಎಣ್ಣೆಯ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ಕೊಟ್ಟಿಗೆಯ ಆಚೆ ಅಪ್ಪ ಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಹರಿಯುವ ಸದ್ದು ನಿಂತಿದ್ದು ಆಗಲೇ ನನ್ನ ಗಮನಕ್ಕೆ ಬಂತು. ಅಪ್ಪ ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಸುಲಿಯತೊಡಗಿದರು, ಮೊದಲಿಗಿಂತ ಜೋರಾಗಿ.

ಮಾರನೆಯ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ನಡಿ ಮಗ, ಇಸ್ಕೂಲಿಗೆ ಹೋಗಿ ಬರಣ ಎಂದರು. ದಾರಿಯುದ್ದಕ್ಕೂ ನನಗೆ ಜೀವ ಕೈಯಲ್ಲಿತ್ತು. ಅಪ್ಪನಿಗೆ ಸಿಟ್ಟು ಬಂದರೆ ಕೊಬ್ಬರಿ ಕೊಳ್ಳುವ ಮಂಡಿ ಸಾಹುಕಾರರೇ ಎದ್ದು ಹೊರಗೆ ಹೋಗುತ್ತಾರೆ. ಆ ಸಿಟ್ಟು ನನಗೂ ಬಂದಿದೆ, ಹಾಗಾಗಿ ಅದರ ರುಚಿ ಗೊತ್ತು. ಹತ್ತನೇ ಕ್ಲಾಸಿಗೂ ಅದೇ ಮೇಡಂ. ಆದರೆ ಅವರ ಮುಂದೆ ಕೂತ ಅಪ್ಪ ದನಿ ಏರಿಸಲಿಲ್ಲ.

"ರಿಪೋರ್ಟು ನಾರ್ಮಲ್ ಅಂತ ಬಂದಿರೋದು ನಿಜ ಕಣ್ರೀ ಮೇಡಂ. ಇವಳಿಗೆ ನೋವಿರೋದೂ ನಿಜ. ಎರಡೂ ಹೆಂಗೆ ನಿಜ ಅಂತ ಅರ್ಥ ಮಾಡ್ಕೊಳಕ್ಕೆ ನಂಗೂ ಬೇಕಾದಷ್ಟು ಟೈಮ್ ಹಿಡೀತು. ನೀವೂ ತಗೊಳಿ. ಅಲ್ಲಿವರೆಗೂ ಬೆನ್ನು ಹಿಡ್ಕೊಂಡಾಗ ಇವಳು ಹಿಂದೆ ನಿಂತ್ಕೊಂಡು ಪಾಠ ಕೇಳ್ಲಿ. ಅಷ್ಟು ಮಾತ್ರ ಬುಡಿ."

ನೋವು ಎನ್ನುವ ಪದವನ್ನು ಅಪ್ಪ ಆ ವ್ರತ ಹಿಡಿದ ಮೇಲೆ ಅಂದೇ ಮೊದಲು ಬಾಯಲ್ಲಿ ಆಡಿದ್ದು. ಮೇಡಂ, ಆಯ್ತು, ನಿಂತ್ಕೊಳ್ಳಲಿ ಎಂದರು. ತಪ್ಪಾಯಿತು ಎನ್ನಲಿಲ್ಲ. ಅವರು ಹಾಗೆಂದರೆ ಹೇಗೆ ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕೆಂದು ನಾನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅದೆಲ್ಲ ದಂಡವಾಯಿತು. ಆದರೆ ಆ ಮೇಲೆ ನಾನು ಎದ್ದು ಹಿಂದೆ ಹೋಗಿ ಗೋಡೆಗೆ ಒರಗಿದರೆ ಅವರು ಪಾಠ ನಿಲ್ಲಿಸುತ್ತಿರಲಿಲ್ಲ, ಅದು ನನಗೆ ಸಾಕಿತ್ತು. ಒಂದು ವಾರಕ್ಕೆ ನನ್ನ ಪಕ್ಕ ಕೂರುವವಳೂ ನನಗೂ ಬೆನ್ನು ಎಂದು ಹಿಂದೆ ಬಂದು ನಿಂತಳು, ಸಮಾಜ ಪಾಠದಲ್ಲಿ ನಿದ್ದೆ ತಡೆಯಲು. ಅವಳಿಗೆ ಬೈಗುಳ ಬಿತ್ತು. ಅವಳು ಇವತ್ತಿಗೂ ನನ್ನ ಗೆಳತಿ.

ಅರ್ಧ ದಿನ ಹೋಗಿ ಪೂರ್ತಿ ದಿನವಾಯಿತು. ಕಾಲು ಬಕೆಟ್ ಹೋಗಿ ಅರ್ಧ ಬಕೆಟ್ ಆಯಿತು. ನೋವು ಹೋಯಿತೆಂದಲ್ಲ. ಇತ್ತು, ಆದರೆ ಅದು ಮನೆಯ ಯಜಮಾನಿಕೆ ಬಿಟ್ಟು ಮೂಲೆಯಲ್ಲಿ ಕೂರಲು ಕಲಿತಿತ್ತು. ರಾತ್ರಿ ನಿದ್ದೆ ಬರುತ್ತಿತ್ತು. ಚಿತ್ರಾನ್ನಕ್ಕೆ ರುಚಿ ಬಂದಿತ್ತು. ಕಾರ್ತಿಕ ಮಾಸ ಮುಗಿಯುವಷ್ಟರಲ್ಲಿ ನಾನು ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ, ಕೋಣೆಯನ್ನೂ ಬಿಟ್ಟು ಅಜ್ಜಿಯ ಪಕ್ಕ ನಡುಮನೆಯಲ್ಲಿ ಮಲಗುತ್ತಿದ್ದೆ.

ಆಗ ನನಗೆ ಕೊಬ್ಬು ಬಂತು. ಶಾಲೆಯಲ್ಲಿ ಕ್ರೀಡಾಕೂಟದ ತಯಾರಿ ನಡೆದಿತ್ತು. ರಿಲೇ ಓಟಕ್ಕೆ ಒಬ್ಬಳು ಕಡಿಮೆಯಿದ್ದಳು. ಚೆನ್ನಾಗಿದ್ದ ದಿನ ಹೆಚ್ಚು ಮಾಡಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿದ್ದರೂ ನಾನು ಬರ್ತೀನಿ ಎಂದೆ. ಒಂದು ಮಧ್ಯಾಹ್ನವೆಲ್ಲ ಓಡಿದೆ. ಎಷ್ಟು ಸುಖವಾಗಿತ್ತೆಂದರೆ, ಅದಕ್ಕಾಗಿ ಇವತ್ತೂ ನಾನು ಪಶ್ಚಾತ್ತಾಪ ಪಡುವುದಿಲ್ಲ. ಮಾರನೆಯ ಬೆಳಗ್ಗೆ ಮಗ್ಗುಲು ಬದಲಾಯಿಸಲು ಆಗಲಿಲ್ಲ. ಆ ವಾರವೆಲ್ಲ ಮತ್ತೆ ಅಟ್ಟದ ಕೆಳಗಿನ ಕೋಣೆ, ಹಾಸಿಗೆಗೆ ಊಟ. ಅಮ್ಮನ ಮುಖ ಹಳೆಯ ಮುಖವಾಯಿತು. ಸಾಕು, ಇನ್ನು ಕಳಿಸಲ್ಲ, ಜೀವ ಇದ್ರೆ ಮುಂದಿನ ವರ್ಷ ಪರೀಕ್ಷೆ ಬರೀತಾಳೆ ಎಂದಳು. ಅಪ್ಪ ಏನೋ ಹೇಳಲು ಹೋದರೆ, ಹೆತ್ತೋಳು ನಾನು ಎಂದಳು. ಅಪ್ಪ ಎದ್ದು ತೋಟದ ಕಡೆ ಹೋದರು. ಅಜ್ಜಿ ಕೊಟ್ಟಿಗೆಗೆ ಹೋದಳು. ನನಗೆ ನೋವಿಗಿಂತ ಹೆಚ್ಚು ಹೆದರಿಕೆಯಾಗಿದ್ದು ಆ ಮಾತಿಗೆ.

ಭಾನುವಾರ ಮಧ್ಯಾಹ್ನ ಅಡುಗೆಮನೆಗೆ ಗೋಡೆ ಹಿಡಿದುಕೊಂಡು ಹೋದೆ. ಅಮ್ಮ ಒಬ್ಬಳೇ ಸೊಪ್ಪು ಬಿಡಿಸುತ್ತಿದ್ದಳು. ಹಸುವಿನ ನೆಪ ಬಿಟ್ಟು ನನ್ನ ಬಾಯಿಂದಲೇ ಹೇಳಿದೆ. ಮಲಗಿದ್ದರೂ ನೋಯುತ್ತದೆ, ಹೋದರೂ ನೋಯುತ್ತದೆ. ಹೋದರೆ ನೋವಿನ ಜೊತೆಗೆ ಇನ್ನೇನಾದರೂ ಇರುತ್ತದೆ, ಇಲ್ಲಿ ಅದೊಂದೇ ಇರುತ್ತದೆ. ನನ್ನ ಕಳಿಸು ಎಂದೆ. ಅಮ್ಮ ತಲೆಯೆತ್ತಲಿಲ್ಲ. ಸೊಪ್ಪು ಬಿಡಿಸುತ್ತಲೇ ಇದ್ದಳು, ಬಿಡಿಸಿದ ಸೊಪ್ಪನ್ನೂ ಕಡ್ಡಿಯನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದಳು. ನಾನು ಕೋಣೆಗೆ ವಾಪಸು ಬಂದು ಮಲಗಿದೆ. ಸೋತೆ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಚಳಿಗೆ ಮೈ ಇನ್ನಷ್ಟು ಬಿಗಿದಿತ್ತು. ಕಣ್ಣು ಬಿಟ್ಟಾಗ ಅಮ್ಮ ಎದುರಿಗೆ ನಿಂತಿದ್ದಳು. ಕೈಯಲ್ಲಿ ಇಸ್ತ್ರಿ ಮಾಡಿದ ನನ್ನ ಯೂನಿಫಾರಂ ಇತ್ತು. ಹಿಂದಿನ ದಿನ ಅಷ್ಟೆಲ್ಲ ಮಾತಾಡಿದ್ದ ನನಗೆ ಅದನ್ನು ನೋಡಿ ಧೈರ್ಯ ಹಾರಿಹೋಯಿತು. ಅಮ್ಮ, ತುಂಬ ನೋಯ್ತಿದೆ ಎಂದೆ. ಅಷ್ಟು ಸಾಕಿತ್ತು ಅವಳಿಗೆ, ಹೊದಿಕೆ ಎಳೆದು ಮಲಗು ಎಂದುಬಿಡಲು. ಅವಳು ಯೂನಿಫಾರಂ ಹಾಸಿಗೆಯ ಮೇಲಿಟ್ಟಳು.

"ಗೊತ್ತು ಕಣೇ, ನೋಯ್ತೈತೆ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಏಳು, ಬುತ್ತಿ ಕಟ್ಟಿದೀನಿ. ಹೋಗಿ ಬಾ."

ಶಾಲೆಯವರು ನೋವಿಲ್ಲ, ಬಾ ಎಂದಿದ್ದರು. ಮನೆಯವರು ನೋವಿದೆ, ಮಲಗು ಎಂದಿದ್ದರು. ನೋವಿದೆ, ಹೋಗಿ ಬಾ ಎಂದು ನನ್ನ ಮುಖ ನೋಡಿ ಹೇಳಿದವಳು ಅಮ್ಮ ಒಬ್ಬಳೇ. ಎದ್ದೆ. ಜಡೆ ಹಾಕಿಕೊಳ್ಳಲು ತೋಳು ಏಳಲಿಲ್ಲ, ಅಮ್ಮ ಹಾಕಿದಳು. ಗೇಟಿನವರೆಗೆ ಬಂದಳು, ಬಸ್ಸಿನವರೆಗೆ ಬರಲಿಲ್ಲ. ಅಂದು ಬಹುಪಾಲು ಪೀರಿಯಡ್ಡುಗಳನ್ನು ಗೋಡೆಗೆ ಒರಗಿಯೇ ಕಳೆದೆ. ಗಣಿತದಲ್ಲಿ ಒಂದು ಲೆಕ್ಕ ನನಗೊಬ್ಬಳಿಗೇ ಬಂತು.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಹೆಂಗೈತೆ ಎಂದು ಕೇಳಲಿಲ್ಲ. ನನ್ನ ಕೈಯಿಂದ ಬುತ್ತಿಯ ಡಬ್ಬಿ ತೆಗೆದುಕೊಂಡು ಅಲ್ಲೇ ನಿಂತು ಮುಚ್ಚಳ ತೆಗೆದು ನೋಡಿದಳು. ಒಂದು ಅಗುಳೂ ಉಳಿದಿರಲಿಲ್ಲ. ಅವಳು ಆ ಖಾಲಿ ಡಬ್ಬಿಗೆ ಮತ್ತೆ ಮುಚ್ಚಳ ಹಾಕಿ, ನಾಳೆಗೆ ಏನು ಕಟ್ಟಲಿ ಎಂದು ಕೇಳಿದಳು.